ರಬ್ಬರ್ ಹಲ್ಲಿನ ಸುಂಕ

1879ರ ಈಸ್ಟರ್ ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ಜೋಸಾಯಾ ಬೇಕನ್ ಗುಂಡೇಟಿಗೆ ಬಲಿಯಾದ. ಗುಂಡು ಹಾರಿಸಿದವನು ಸ್ಯಾಮ್ಯುಯಲ್ ಚಾಲ್ಫಂಟ್ ಎಂಬ ದಂತವೈದ್ಯ. ಜಗಳ ರಬ್ಬರಿನದು.

ರಬ್ಬರ್ ಬರುವ ಮುಂಚೆ ಒಳ್ಳೆಯ ಕೃತಕ ಹಲ್ಲಿನ ಸೆಟ್ಟಿಗೆ ಚಿನ್ನದ ತಗಡೇ ತಳ, ಉಳ್ಳವರಿಗಷ್ಟೇ ಎಟುಕುತ್ತಿತ್ತು. ಗಂಧಕ ಬೆರೆಸಿ ಬೇಯಿಸಿದ ಗಟ್ಟಿ ರಬ್ಬರ್, ಅಂದರೆ ವಲ್ಕನೈಟ್, ಬಂದದ್ದೇ ತಡ, ಬೆಲೆ ಇಳಿಯಿತು. ಮೇಣದ ಮಾದರಿಯನ್ನು ಹಲ್ಲುಗಳ ಸಮೇತ ಪ್ಲಾಸ್ಟರಿನಲ್ಲಿ ಹೂತು, ಮೇಣ ಕರಗಿಸಿ ತೆಗೆದು, ಆ ಟೊಳ್ಳಿಗೆ ಮೆತ್ತನೆಯ ರಬ್ಬರ್ ಒತ್ತಿ ತುಂಬಬೇಕು. ಹಬೆಯ ಪಾತ್ರೆಯಲ್ಲಿ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದರೆ ಹಲ್ಲುಗಳು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಆಮೇಲೆ ಅರದಿಂದ ಉಜ್ಜಿ ಹೊಳಪು ಕೊಟ್ಟರಾಯಿತು. ಬಣ್ಣವೇನೋ ಮಂಕು ಕೆಂಪು. ಊಟಕ್ಕೆ ಕುಳಿತವರಿಗೆ ಅದರ ಚಿಂತೆ ಇರಲಿಲ್ಲವೆನ್ನಿ.

ಈ ರಬ್ಬರ್ ಸೆಟ್ಟಿಗಾಗಿ 1864ರಲ್ಲಿ ಜಾನ್ ಕಮಿಂಗ್ಸ್‌ಗೆ ಸಿಕ್ಕ ಪೇಟೆಂಟ್ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿಯ ಕೈಸೇರಿತು. ವೈದ್ಯರು ವರ್ಷಕ್ಕಿಷ್ಟೆಂದು ಲೈಸೆನ್ಸ್ ಶುಲ್ಕ ಕಟ್ಟಬೇಕು, ಸೆಟ್ಟಿಗಿಷ್ಟೆಂದು ಬೇರೆ ತೆರಬೇಕು. ಕಟ್ಟದವರನ್ನು ಕಂಪನಿಯ ಖಜಾಂಚಿ ಬೇಕನ್ ಬೆನ್ನಟ್ಟಿ ಕೋರ್ಟಿಗೆಳೆಯುತ್ತಿದ್ದ. ಊರು ಬದಲಿಸಿದರೂ ಚಾಲ್ಫಂಟ್‌ಗೆ ಬಿಡುಗಡೆ ಸಿಗಲಿಲ್ಲ. ಕೊಲೆ ಮಾಡಿ ಜೈಲು ಸೇರಿದ.

1881ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಸುಂಕದ ಕಾಟ ತಪ್ಪಿತು.

ಅದೇ ದಶಕದಲ್ಲಿ ಬಾಸ್ಟನ್‌ನಲ್ಲಿ ಸ್ಟೋವ್ ಅಂಡ್ ಎಡ್ಡಿ ಲ್ಯಾಬ್ ಶುರುವಾಯಿತು. ವೈದ್ಯರು ಬಾಯಿಯ ಅಚ್ಚು ಕಳಿಸಿದರೆ ಸಿದ್ಧ ಸೆಟ್ಟು ತಯಾರಿಸಿಕೊಡುವುದೇ ಅದರ ವ್ಯಾಪಾರ. 1930ರ ದಶಕದ ಕೊನೆಗೆ ಅಕ್ರಿಲಿಕ್ ಬಂದು ರಬ್ಬರನ್ನು ಮೂಲೆಗೆ ತಳ್ಳಿತು. ಮೇಣ ಕರಗಿಸಿ ಪ್ಲಾಸ್ಟರಿನ ಅಚ್ಚು ತುಂಬುವ ಹಳೆಯ ವಿಧಾನ ಮಾತ್ರ ಹೊಸ ಸರಕಿಗೂ ಒಗ್ಗಿತು.