ಸಂಘಕ್ಕೆ ಹುಲ್ಲು ಕೊಯ್ಯುವ ಯಂತ್ರ ಬಂದ ಚರಿತ್ರೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆಯಬೇಕೆಂದು ಅಧ್ಯಕ್ಷರು ಹೇಳಿದಾಗ ನನಗೆ ಅಳುಕಾಯಿತು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕಿಳಿದವನು. ಹಾಲಿನ ಲೀಟರು, ಬೋನಸ್ಸು, ಲಾಭಾಂಶ ಎಲ್ಲಾ ಕಾರ್ಯದರ್ಶಿಗಳ ವರದಿಯಲ್ಲಿ ಇದ್ದೇ ಇರುತ್ತೆ. ಆದರೆ ಡೈರಿ ಹಿಂದಿನ ಷೆಡ್ಡಿನಲ್ಲಿ ನಿಂತಿರುವ ಮೂವರ್ ಬಗ್ಗೆ ಲೆಕ್ಕದ ಪುಸ್ತಕದಲ್ಲಿ ಇರುವುದು ಒಂದೇ ಸಾಲು: 'ಹಳೆ ಮೂವರ್ ಖರೀದಿ, ರೂ. 22,000'. ಅದನ್ನು ತಂದವನು ನಾನೇ ಆದ್ದರಿಂದ, ಬೈಸಿಕೊಂಡವನೂ ನಾನೇ ಆದ್ದರಿಂದ, ಅದರ ಚರಿತ್ರೆಯನ್ನೇ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ಟ್ರ್ಯಾಕ್ಟರು. ನಮ್ಮೂರಿನ ದ್ರಾಕ್ಷಿ ತೋಟದವರೊಬ್ಬರು ಸಾಲುಗಳ ನಡುವೆ ಉಳುವುದಕ್ಕೆ ಮಿತ್ಸುಬಿಷಿ ಶಕ್ತಿ ಎಂಬ ಚಿಕ್ಕ ಟ್ರ್ಯಾಕ್ಟರನ್ನು ಇಟ್ಟುಕೊಂಡಿದ್ದರು. ಹದಿನೆಂಟೂವರೆ ಹೆಚ್.ಪಿ., ಮೂರು ಸಿಲಿಂಡರು. 1967ರಲ್ಲಿ ಜಪಾನಿನ ಮಿತ್ಸುಬಿಷಿಯವರ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿಯದು ಅದು. ಪವರ್ ಟಿಲ್ಲರ್ ಮಾಡುವವರೂ ಅವರೇ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಬರದೆ ಹೋದಾಗ ಅವರು ದ್ರಾಕ್ಷಿ ಬಳ್ಳಿ ಕಿತ್ತು ಹಾಕಿ, ಟ್ರ್ಯಾಕ್ಟರನ್ನು ಸಂಘಕ್ಕೆ ಕೊಟ್ಟರು. ಉತ್ತರ ಪಿನಾಕಿನಿ ನಮ್ಮ ಪಕ್ಕದಲ್ಲೇ ಇದ್ದರೂ ಅದರಲ್ಲಿ ಮರಳಿಗಿಂತ ಹೆಚ್ಚೇನೂ ನೋಡದ ಜನ ನಾವು. ಆ ಕಥೆ ಇಲ್ಲಿ ಬೇಡ.

ಟ್ರ್ಯಾಕ್ಟರು ಇದೆ, ಮೇವು ಕೊಯ್ಯುವವರಿಲ್ಲ. ಬೆಳಿಗ್ಗೆ ಏಳಕ್ಕೆಲ್ಲಾ ದೊಡ್ಡಬಳ್ಳಾಪುರದ ಕಡೆಯ ಗಾರ್ಮೆಂಟ್ಸಿಗೆ ಹೆಣ್ಣು ಮಕ್ಕಳು ಹೋಗಿಬಿಡುತ್ತಾರೆ. ಕುಡುಗೋಲು ಹಿಡಿದು ಕೂತರೆ ಒಬ್ಬರಿಗೆ ದಿನಕ್ಕೆ ನಾಲ್ಕು ಹಸುವಿನ ಮೇವಾದರೆ ಹೆಚ್ಚು. ಹಾಗಾಗಿ ಒಂದು ಕೊಯ್ಯುವ ಯಂತ್ರ ತಂದು ಟ್ರ್ಯಾಕ್ಟರಿಗೆ ಜೋಡಿಸೋಣ ಅಂತ ಆಡಳಿತ ಮಂಡಳಿಯಲ್ಲಿ ಮಾತಾಯಿತು. ಹೊಸದರ ಬೆಲೆ ಕೇಳಿ ಎಲ್ಲರೂ ಸುಮ್ಮನಾದರು. ಹಳೆಯದು ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಯಾವುದೋ ಕಾರ್ಖಾನೆಯಲ್ಲಿ ತೋಟದ ಹುಲ್ಲು ಕತ್ತರಿಸುವ ಮೂವರ್ ಒಂದು ಮೂಲೆಗೆ ಬಿದ್ದಿದೆ ಅಂತ ಸುದ್ದಿ ಬಂತು. ಹೋಗಿ ನೋಡಿದೆ. ಕೆಂಪು ಬಣ್ಣ, ನೋಡಲು ಲಕ್ಷಣವಾಗಿತ್ತು. ಕೆಳಗೆ ಬಗ್ಗಿ ನೋಡಿದರೆ ಫ್ಯಾನಿನ ಹಾಗೆ ತಿರುಗುವ ಮೂರು ಬ್ಲೇಡು. ಅದು ಹುಲ್ಲನ್ನು ಪುಡಿ ಮಾಡಿ ಎರಚುತ್ತೆ, ಹಸುವಿಗೆ ಎತ್ತಿ ಹಾಕಲು ಏನೂ ಉಳಿಯಲ್ಲ. ಹುಲ್ಲು ಕತ್ತರಿಸುವ ಮಷಿನ್ನೇ ಎರಡು ವಂಶ ಎಂದು ಆಮೇಲೆ ಓದಿ ತಿಳಿದೆ. ದೊರೆಗಳ ಅಂಗಳ ನುಣ್ಣಗೆ ಮಾಡುವ ಯಂತ್ರವನ್ನು 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ ಕಟ್ಟಿದ. ಬಟ್ಟೆ ಮಿಲ್ಲಿನಲ್ಲಿ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರ ನೋಡಿ ಅವನಿಗೆ ಆ ಆಲೋಚನೆ ಬಂದದ್ದಂತೆ. ಮುಂದೆ ಅದೇ ಕೆಲಸಕ್ಕೆ ತಿರುಗುವ ಬ್ಲೇಡಿನವೂ ಬಂದವು. ರೈತರದ್ದು ಬೇರೆ. 1830ರ ದಶಕದಲ್ಲೇ ಅಮೆರಿಕದಲ್ಲಿ ಹಸ್ಸಿ ಮತ್ತು ಮೆಕಾರ್ಮಿಕ್ ಎಂಬಿಬ್ಬರು ಪೈರು ಕೊಯ್ಯುವ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡರು. ಹಲ್ಲು ಹಲ್ಲಾಗಿ ಇರುವ ಉದ್ದ ಅಲಗು ಅತ್ತಿಂದಿತ್ತ ಓಡಾಡಿ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಇದ್ದ ಹಾಗೆಯೇ ಮಲಗಿಸುತ್ತೆ. ನಮಗೆ ಬೇಕಾಗಿದ್ದುದು ಇದು. ಹೆಚ್ಚು ಶಕ್ತಿಯನ್ನೂ ಕೇಳಲ್ಲ, ಚಿಕ್ಕ ಟ್ರ್ಯಾಕ್ಟರಿಗೆ ಸರಿ.

ಕೊನೆಗೆ ಹಿಂದೂಪುರದ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಐದು ಅಡಿ ಅಲಗು, ತುಕ್ಕು, ಒಂದು ಬೆರಳು ಮುರಿದಿತ್ತು. ತೆಲುಗಿನಲ್ಲೇ ಚೌಕಾಸಿ ಮಾಡಿ ಇಪ್ಪತ್ತೆರಡು ಸಾವಿರಕ್ಕೆ ಮುಗಿಸಿದೆ. ಠರಾವು ಆಗಿತ್ತು, ಹಣ ಬಿಡುಗಡೆ ಆಗಿರಲಿಲ್ಲ. ಬಿಟ್ಟರೆ ಬೇರೆಯವರು ಒಯ್ಯುತ್ತಾರೆಂದು ಕೈಯಿಂದ ಕೊಟ್ಟೆ. ಮನೆಯಲ್ಲಿ ಮಗಳ ಕಾಲೇಜು ಫೀಸಿಗೆ ಇಟ್ಟಿದ್ದ ಹಣ ಅದು. ಇದನ್ನು ಇವತ್ತಿನವರೆಗೂ ಸಭೆಯಲ್ಲಿ ಹೇಳಿರಲಿಲ್ಲ.

ತಂದು ಹಾಕಿದರೆ ಕೂರಲೇ ಇಲ್ಲ! ಟ್ರ್ಯಾಕ್ಟರ್ ಹಿಂದೆ ಕೆಳಗೆ ಎರಡು, ಮೇಲೆ ಒಂದು ಹಿಡಿತ ಇರುತ್ತಲ್ಲ, ಅದನ್ನು ಕಂಡುಹಿಡಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಅದಕ್ಕೆ ಮುಂಚೆ ನೇಗಿಲನ್ನು ಸುಮ್ಮನೆ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಮುಂದಿನ ಚಕ್ರ ಎದ್ದು, ಮಗುಚಿ, ಓಡಿಸುವವನು ಸಾಯುತ್ತಿದ್ದ. ಮೂರು ಹಿಡಿತ ಬಂದ ಮೇಲೆ ಆ ಅಪಾಯ ಬಹಳ ಕಡಿಮೆಯಾಯಿತು. 1936ರಲ್ಲಿ ಫರ್ಗ್ಯುಸನ್-ಬ್ರೌನ್ ಟ್ರ್ಯಾಕ್ಟರಿನಲ್ಲಿ, 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿನಲ್ಲಿ ಅದು ಮಾರಾಟಕ್ಕೆ ಬಂತು. ನಮ್ಮ ಕಡೆ ನಾವು 'ಮ್ಯಾಸಿ' ಅಂತ ಕರೆಯುವ ಟ್ರ್ಯಾಕ್ಟರಿನ ಹೆಸರಿನ ಉಳಿದರ್ಧ ಆ ಪುಣ್ಯಾತ್ಮನದೇ. ಆ ಹಿಡಿತಕ್ಕೂ ಅಳತೆಗಳಿವೆ ಎಂಬುದು ನನಗೆ ಗೊತ್ತಿರಲಿಲ್ಲ. ಚಿಕ್ಕ ಟ್ರ್ಯಾಕ್ಟರಿಗೆ ಕೆಳಗಿನ ಪಿನ್ನು 22 ಮಿಲಿಮೀಟರ್, ದೊಡ್ಡದಕ್ಕೆ 28. ಅಂಗಡಿಯಲ್ಲಿ ಟೇಪು ಹಿಡಿದು ಅಲಗಿನ ಉದ್ದ ಅಳೆದ ನಾನು ಪಿನ್ನು ಅಳೆಯಲಿಲ್ಲ. ಗೌರಿಬಿದನೂರಿನಲ್ಲಿ ಲೇತ್ ಮಾಡಿಸಿ ಪಿನ್ನು ಬದಲಾಯಿಸಿದ್ದಕ್ಕೆ ಮತ್ತೆ ಖರ್ಚು.

ಆ ವರ್ಷದ ಆಡಿಟ್‌ನಲ್ಲಿ ಆಕ್ಷೇಪಣೆ ಬಂತು. 'ಮೂರು ಕೊಟೇಷನ್ ಪಡೆಯದೆ ಹಳೆ ಮಾಲು ಖರೀದಿ' ಅಂತ. ಗುಜರಿ ಅಂಗಡಿಯವನ ಹತ್ತಿರ ಕೊಟೇಷನ್ ಎಲ್ಲಿ ತರೋದು? ಆದರೂ ಅವರು ಕೇಳಿದ್ದು ತಪ್ಪಲ್ಲ, ಸಂಘದ ಹಣ ನಮ್ಮಪ್ಪನ ಮನೆ ಹಣ ಅಲ್ಲ. ಸರ್ವ ಸದಸ್ಯರ ಸಭೆಯಲ್ಲಿ ಒಬ್ಬರು ಎದ್ದು, 'ಡೈರೆಕ್ಟರು ಕಮೀಷನ್ ಹೊಡೆದಿದ್ದಾರೆ' ಅಂದರು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ಮುಂದಿನ ಸಭೆಯಲ್ಲಿ ಎಲ್ಲರೂ ಒಪ್ಪಿ ಠರಾವು ಮಾಡಿ, ನನ್ನ ಹಣ ವಾಪಸ್ಸು ಬರುವ ಹೊತ್ತಿಗೆ ಒಂದೂವರೆ ವರ್ಷ ಆಗಿತ್ತು.

ಇನ್ನೊಂದು ಸಂಗತಿ ಬರೆಯದಿದ್ದರೆ ತಪ್ಪಾಗುತ್ತೆ. ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಕೊಡುವ ಪಿ.ಟಿ.ಓ. ಶಾಫ್ಟಿಗೆ ಮೇಲೊಂದು ಪ್ಲಾಸ್ಟಿಕ್ ಕವಚ ಇರಬೇಕು. ಹಳೆಯದರಲ್ಲಿ ಇರಲಿಲ್ಲ. ನಮ್ಮ ಡ್ರೈವರ್ ಹುಡುಗ ಎಂಜಿನ್ ನಿಲ್ಲಿಸದೆ ಸಿಕ್ಕಿದ್ದ ಹುಲ್ಲು ಬಿಡಿಸಲು ಬಗ್ಗಿದ. ಹೆಗಲ ಮೇಲಿನ ಟವೆಲ್ಲು ಜಾರಿ ಶಾಫ್ಟಿಗೆ ಸುತ್ತಿಕೊಂಡಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಟವೆಲ್ಲು ಇಲ್ಲ. ಅದು ಹೆಗಲ ಮೇಲೆ ಸಡಿಲವಾಗಿ ಇದ್ದುದರಿಂದ ಹುಡುಗ ಉಳಿದ, ಕುತ್ತಿಗೆಗೆ ಸುತ್ತಿದ್ದರೆ ಆ ತಾಯಿಗೆ ನಾವು ಏನು ಹೇಳುತ್ತಿದ್ದೆವು? ಮಾರನೇ ದಿನವೇ ಕವಚ ತಂದು ಹಾಕಿಸಿದೆ, ಅದಕ್ಕೆ ಯಾರ ಠರಾವನ್ನೂ ಕಾಯಲಿಲ್ಲ.

ಅಲಗನ್ನು ಅತ್ತಿತ್ತ ಓಡಿಸುವ ಮರದ ಕೋಲು ಎರಡು ಸಲ ಮುರಿಯಿತು. ಈ ಚಿಕ್ಕ ಟ್ರ್ಯಾಕ್ಟರಿನ ಪಿ.ಟಿ.ಓ.ಗೆ ಒಂದಕ್ಕಿಂತ ಹೆಚ್ಚು ವೇಗ ಇದೆ, ಹುಡುಗರು ಜೋರಿನದಕ್ಕೆ ಹಾಕಿದ್ದೇ ಕಾರಣ. ಈಗ ನಮ್ಮೂರ ಆಚಾರಿ ಕರಿಜಾಲಿಯಲ್ಲಿ ಮಾಡಿಕೊಟ್ಟ ಕೋಲು ಓಡುತ್ತಿದೆ. ಕುದುರೆಮೆಂತೆ, ಎಳೆಯ ಮೇವಿನ ಜೋಳ ಚೆನ್ನಾಗಿ ಕೊಯ್ಯುತ್ತೆ. ಬಲಿತ ಸೀಮೆಹುಲ್ಲಿಗೆ ಮಾತ್ರ ಹಾಕಬೇಡಿ, ಹಲ್ಲು ಹೋಗುತ್ತೆ. ಬಾಡಿಗೆ ಪುಸ್ತಕ ಕಾರ್ಯದರ್ಶಿಗಳ ಹತ್ತಿರ ಇದೆ, ಬೇಕಾದವರು ಹಿಂದಿನ ದಿನ ಸಂಜೆ ಹಾಲು ಹಾಕಲು ಬಂದಾಗ ಹೆಸರು ಬರೆಸಬೇಕು. ಟವೆಲ್ಲು ಮನೆಯಲ್ಲಿಟ್ಟು ಬರಬೇಕು.