ಲಾಕ್‌ಡೌನ್ ಕಾಲದ ವಿದ್ಯಾರ್ಥಿಗಳು ಮತ್ತು ಅಮಲು

ಊರಿಗೆ ಹೋದವರು, ಉಳಿದವರು

ಬೆಂಗಳೂರಿನ ಸಂಜಯನಗರ, ನಾಗಶೆಟ್ಟಿಹಳ್ಳಿ, ಮತ್ತೀಕೆರೆಯ ಪಿಜಿಗಳಿಗೆ ರಾಮಯ್ಯ ಕಾಲೇಜುಗಳ ಹುಡುಗರೇ ಆಧಾರ. 2020ರ ಮಾರ್ಚ್ ಮಧ್ಯದಲ್ಲಿ ಕಾಲೇಜು ಮುಚ್ಚಿದಾಗ ಪರ ಊರಿನ ಹಲವರು ಗಂಟುಮೂಟೆ ಕಟ್ಟಿದರು. ಅಪ್ಪ-ಅಮ್ಮನ ಕಣ್ಣೆದುರು ಬಾಟಲಿ ತೆರೆಯುವುದು ಸುಲಭವಲ್ಲ. ಮನೆಗೆ ಮರಳಿದವರ ಕುಡಿತ ತಗ್ಗಿದ್ದನ್ನು ಅಮೆರಿಕದ ಅಧ್ಯಯನಗಳೂ ಕಂಡಿವೆ.

ಕೋಣೆಯಲ್ಲೇ ಉಳಿದವರ ಪಾಡು ಬೇರೆ. ಕ್ಯಾಮೆರಾ ಆಫ್ ಮಾಡಿದ ಆನ್‌ಲೈನ್ ಕ್ಲಾಸು, ನಡುರಾತ್ರಿಯ ಊಟ, ಮಧ್ಯಾಹ್ನದ ನಿದ್ದೆ. ಗೆಳೆಯರ ಜೊತೆ ವಾರಕ್ಕೊಮ್ಮೆ ಕುಡಿಯುವುದಕ್ಕಿಂತ, ಬೇಸರ ಕಳೆಯಲು ಒಬ್ಬರೇ ಕುಡಿಯುವುದು ಚಟಕ್ಕೆ ತಿರುಗುವ ಸಂಭವ ಹೆಚ್ಚು.

ಬಾಗಿಲು ಹಾಕಿದ ವೈನ್‌ಶಾಪ್

ಮಾರ್ಚ್ ಕೊನೆಯಿಂದ ಮೇ ಆರಂಭದವರೆಗೆ ರಾಜ್ಯದಲ್ಲಿ ಮದ್ಯ ಮಾರಾಟ ಬಂದ್. ನಿತ್ಯ ಮಿತಿಮೀರಿ ಕುಡಿಯುವವರಿಗೆ ಏಕಾಏಕಿ ನಿಲ್ಲಿಸುವುದೇ ಅಪಾಯ. ಮೊದಲ ದಿನವೇ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದೆಲ್ಲ ಕಾಣುವ ಸನ್ನಿ ಹಿಡಿಯಬಹುದು. ಇದಕ್ಕೆ ಆಸ್ಪತ್ರೆಯೇ ಬೇಕು. ಆದರೆ ಈ ಹಂತ ಮುಟ್ಟಲು ಸಾಮಾನ್ಯವಾಗಿ ವರ್ಷಗಟ್ಟಲೆ ಕುಡಿದಿರಬೇಕು. ಇಪ್ಪತ್ತರ ಹರೆಯದಲ್ಲಿ ಅಪರೂಪ.

ಮೇ 4ರಂದು ಅಂಗಡಿ ತೆರೆದಾಗ ಬೆಂಗಳೂರಿನ ಬೀದಿಗಳಲ್ಲಿ ಮೈಲುದ್ದ ಕ್ಯೂ. ಅಂದು ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿಯ ಮದ್ಯ ಬಿಕರಿಯಾಯಿತು. ಮರುದಿನ 197 ಕೋಟಿ. 2021ರ ಲಾಕ್‌ಡೌನ್‌ನಲ್ಲಿ ಸರ್ಕಾರ ಪೂರ್ತಿ ಬಂದ್ ಮಾಡುವ ಗೋಜಿಗೇ ಹೋಗಲಿಲ್ಲ. ಬೆಳಿಗ್ಗೆ 6ರಿಂದ 10, ಹಾಲು-ತರಕಾರಿಯ ಹೊತ್ತಿನಲ್ಲೇ ಎಣ್ಣೆ ಪಾರ್ಸೆಲ್!

ಹದಿನೆಂಟೋ, ಇಪ್ಪತ್ತೊಂದೋ

ಮದ್ಯ ಕೊಳ್ಳಲು ಕನಿಷ್ಠ ವಯಸ್ಸೆಷ್ಟು? 1965ರ ಕರ್ನಾಟಕ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ನಿಯಮಗಳು 21. ನಿಯಮಗಳ ಮಿತಿಯನ್ನೂ 18ಕ್ಕೆ ಇಳಿಸುವ ಕರಡನ್ನು ಸರ್ಕಾರ 2023ರಲ್ಲಿ ತಂದು, ವಿರೋಧ ಬಂದೊಡನೆ ಕೈಬಿಟ್ಟಿತು.

ಗಾಂಜಾ ಮತ್ತು ಕಾನೂನು

ಸ್ವಲ್ಪ ಇದ್ದರೆ ಕೇಸಿಲ್ಲ ಎಂಬ ನಂಬಿಕೆ ಹಾಸ್ಟೆಲುಗಳಲ್ಲಿದೆ, ಅದು ಸುಳ್ಳು. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಒಂದು ಕಿಲೋವರೆಗಿನ ಗಾಂಜಾ ‘ಸಣ್ಣ ಪ್ರಮಾಣ’. ಅದಕ್ಕೂ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು. ಪೋಷಕರಿಗೆ ಅಷ್ಟಾಗಿ ತಿಳಿಯದ್ದು 64ಎ ಕಲಂ: ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ರದ್ದಾಗಬಹುದು.

ನೆರವು ಎಲ್ಲಿ

ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.