ಮೇಲುಕೋಟೆಯ ತೋಳಕ್ಕೆ ವಕಾಲತ್ತು ಹಾಕಿದವರಾರು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳೊಳಗೆ ಮೂರು ವನ್ಯಧಾಮಗಳಿವೆ. ರಂಗನತಿಟ್ಟು ಹಕ್ಕಿಗಳದ್ದು, ಆದಿಚುಂಚನಗಿರಿ ನವಿಲಿನದ್ದು. ಇವೆರಡನ್ನು ಶಾಲಾ ಮಕ್ಕಳೂ ಹೇಳುತ್ತಾರೆ. ಮೂರನೆಯದಾದ ಮೇಲುಕೋಟೆ ದೇವಾಲಯ ವನ್ಯಧಾಮ ತೋಳಕ್ಕೆಂದು ಮೀಸಲಾದದ್ದು ಎಂಬುದು ಅಲ್ಲಿನ ವೈರಮುಡಿ ಉತ್ಸವಕ್ಕೆ ವರ್ಷವರ್ಷವೂ ಹೋಗಿಬರುವವರಿಗೂ ಗೊತ್ತಿರುವುದು ಅಪರೂಪ. ಕೊಪ್ಪಳ ಜಿಲ್ಲೆಯ ಬಂಕಾಪುರ ತೋಳಧಾಮದ ವಿಚಾರ ಈಚೆಗೆ ಹೊಸ ಸುದ್ದಿಯಾಗಿ ಚರ್ಚೆಗೆ ಬಂತು. ಸುಮಾರು 50 ಚದರ ಕಿ.ಮೀ. ಹರವಿನ ಮೇಲುಕೋಟೆಯ ಕಾಡಿಗೆ ಅದೇ ಪ್ರಾಣಿಯ ಸಲುವಾಗಿ 1974ರಲ್ಲೇ ರಕ್ಷಣೆ ಸಿಕ್ಕಿತ್ತು. 1976ರಲ್ಲಿ ಆದ ಜಾರ್ಖಂಡ್‌ನ ಮಹುವಾಡಾಂಡ್ ತೋಳಧಾಮಕ್ಕಿಂತ ಇದು ಎರಡು ವರ್ಷ ಹಳೆಯದು.

ಈ ಮರೆವಿಗೆ ಕಾರಣವನ್ನು ಅರಣ್ಯ ಇಲಾಖೆಯ ಕಡತದಲ್ಲಷ್ಟೇ ಹುಡುಕಿದರೆ ಸಾಲದು. ತೋಳದ ಪರವಾಗಿ ಊರಿನಲ್ಲಿ ಯಾರೂ ಮಾತಾಡಿರಲಿಲ್ಲ ಎಂಬುದು ನನ್ನ ವಾದ.

ರಂಗನತಿಟ್ಟಿನ ಕಥೆಯನ್ನೇ ನೋಡಿ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಕಟ್ಟಿದ ಒಡ್ಡಿನಿಂದ ಅಲ್ಲಿನ ನಡುಗಡ್ಡೆಗಳು ಮೂಡಿದವು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಅರಮನೆಯ ಸರ್ಕಾರದ ಮನವೊಲಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಒಬ್ಬ ವಿದ್ವಾಂಸ, ಕಿವಿಗೊಟ್ಟ ಒಂದು ಆಡಳಿತ, ಅಷ್ಟೇ ಸಾಕಾಗಿತ್ತು. ಮುಂದೆ ದೋಣಿ ನಡೆಸುವವರು, ಪ್ರವಾಸಿಗರು, ಛಾಯಾಗ್ರಾಹಕರು ಎಲ್ಲರೂ ಆ ಹಕ್ಕಿಗಳ ಪರ ನಿಲ್ಲುವವರಾದರು. 2022ರಲ್ಲಿ ರಾಮ್ಸಾರ್ ಪಟ್ಟವೂ ಬಂತು. 1981ರಲ್ಲಿ ಘೋಷಣೆಯಾದ ಆದಿಚುಂಚನಗಿರಿ ಒಂದು ಚದರ ಕಿ.ಮೀ. ಕೂಡ ಇಲ್ಲ, ಆದರೆ ಅಲ್ಲಿನ ನವಿಲಿಗೆ ಕ್ಷೇತ್ರದ ಮತ್ತು ಭಕ್ತರ ಆಸರೆಯಿದೆ.

ತೋಳದ ಪಾಲಿಗೆ ಬಂದದ್ದು ಗಾದೆ: ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಸರ್ಕಾರವೂ ಆ ಕಲ್ಲು ಎಸೆದವರ ಸಾಲಿನಲ್ಲೇ ಇತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರವರೆಗೆ ಬ್ರಿಟಿಷ್ ಭಾರತದಲ್ಲಿ ಇನಾಮಿನ ಆಸೆಗೆ ಸುಮಾರು 2 ಲಕ್ಷ ತೋಳಗಳು ಸತ್ತವು. 1972ರ ವನ್ಯಜೀವಿ ಕಾಯ್ದೆ ಬಂದ ಎರಡೇ ವರ್ಷಕ್ಕೆ ಮೇಲುಕೋಟೆಯ ಆದೇಶ ಹೊರಟಿತು. ಕಾನೂನು ಬದಲಾದ ವೇಗದಲ್ಲಿ ಕುರಿಹಟ್ಟಿಯ ಮನಸ್ಸು ಬದಲಾಗಬೇಕೆಂದು ಬಯಸುವುದು ಅನ್ಯಾಯ.

ಕುರಿಗಾಹಿಯ ಕಡೆಯಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಮಂದೆ ಕಟ್ಟುತ್ತಾರೆ. ಕಾವಲಿಗೆ ಒಂದು ದೊಣ್ಣೆ, ಒಂದೆರಡು ನಾಯಿ. ಚಿರತೆ ಹಸುವನ್ನು ಕೊಂದರೆ ಕಳೇಬರ ಉಳಿಯುತ್ತದೆ, ಮಹಜರು ಆಗುತ್ತದೆ. ತೋಳ ಮರಿಯನ್ನು ಕಚ್ಚಿಕೊಂಡು ಬೆಟ್ಟದ ಬಂಡೆಸಂದಿಗೆ ಓಡಿದರೆ ತೋರಿಸಲು ಏನಿರುತ್ತದೆ? ಪರಿಹಾರ ಕೇಳಲು ಬೇಕಾದ ಸಾಕ್ಷಿಯನ್ನೇ ಅದು ಹೊತ್ತುಕೊಂಡು ಹೋಗಿರುತ್ತದೆ. ಪಕ್ಕದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಗೂಡು ಕಟ್ಟಿ ಹುಣಸೆ ಮರದ ಫಸಲು ಕಳೆದುಕೊಂಡವರಿಗೆ ಇಲಾಖೆ ಪರಿಹಾರ ಕೊಟ್ಟಿತು, ಊರಿನ ಯುವಕರ ಹೆಜ್ಜಾರ್ಲೆ ಬಳಗ ಮರಿಗಳನ್ನು ಸಾಕಿತು, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಮರ ಕದಲುವುದಿಲ್ಲ, ಎಣಿಸಬಹುದು. ಮಂದೆಯ ಲೆಕ್ಕ ಅಷ್ಟು ಸುಲಭವಲ್ಲ.

ನೆಲವೂ ಬದಲಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಹರಿದ ಮೇಲೆ ಬಯಲಿಗೆ ಕಬ್ಬು ಬಂತು. ಕಬ್ಬಿನ ಗದ್ದೆ ಚಿರತೆಗೆ ಅಡಗುತಾಣವಾಯಿತು. ತೋಳಕ್ಕೆ ಬೇಕಿರುವುದು ಕುರುಚಲು, ಹುಲ್ಲು, ದೂರಕ್ಕೆ ಕಾಣುವ ಬಯಲು. ಖಾಲಿ ಬಿದ್ದ ಜಾಗ ಎಂದುಕೊಂಡು ಇಂಥ ಕಡೆ ನೀಲಗಿರಿ ನೆಟ್ಟದ್ದು ನಮ್ಮಲ್ಲಿ ಹಸಿರೀಕರಣದ ಹೆಸರಿನಲ್ಲಿ ನಡೆದ ದೊಡ್ಡ ತಪ್ಪು.

ಪರ ಮಾತಾಡುವವರಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಮೇಲುಕೋಟೆಯ ಆದೇಶದ ಮರುವರ್ಷ, 1975ರಲ್ಲಿ, ಅಮೆರಿಕದಲ್ಲಿ ಗ್ರಿಜ್ಲಿ ಕರಡಿ ಕಾನೂನಿನ ರಕ್ಷಣೆಗೆ ಬಂತು. ಯೆಲ್ಲೋಸ್ಟೋನ್ ಸುತ್ತ ಆಗ 136ರಷ್ಟಿದ್ದ ಅವುಗಳ ಅಂದಾಜು ಸಂಖ್ಯೆ ಮುಂದೆ 700ರ ಆಸುಪಾಸಿಗೇರಿತು. 2017ರಲ್ಲಿ ಸರ್ಕಾರ ರಕ್ಷಣೆ ತೆಗೆದುಹಾಕಿದಾಗ ಮೂಲನಿವಾಸಿ ಬುಡಕಟ್ಟುಗಳು ಮತ್ತು ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2018ರ ಸೆಪ್ಟೆಂಬರಿನಲ್ಲಿ ಆ ರಕ್ಷಣೆ ಮರಳಿತು. ಅಲ್ಲಿಯೂ ದನ ಸಾಕುವವರ ಸಿಟ್ಟು ಕಡಿಮೆಯಿಲ್ಲ. ಆದರೆ ಕರಡಿಯ ಪರ ಕಟಕಟೆ ಹತ್ತಲು ಜನರಿದ್ದರು. ನಮ್ಮಲ್ಲೂ ಕರಡಿಗೆ 1994ರಿಂದ ದರೋಜಿ ಕರಡಿಧಾಮ ಇದೆ, ಬಂಡೆಯ ಮೇಲೆ ಅದನ್ನು ನೋಡಲು ಕಾದು ಕೂರುವ ಜನವೂ ಇದ್ದಾರೆ.

ಈ ಸೀಮೆಯ ಜನರಿಗೆ ಹೋರಾಟ ಗೊತ್ತಿಲ್ಲವೆಂದಲ್ಲ. ಪಾಂಡವಪುರದ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ವಿರುದ್ಧ ರೈತರು ಬೀದಿಗಿಳಿದರು. 2024ರ ಜನವರಿಯಲ್ಲಿ ಹೈಕೋರ್ಟು ಕನ್ನಂಬಾಡಿ ಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆಯನ್ನು ನಿಷೇಧಿಸಿತು. ಅಲ್ಲಿ ಮುಂದಿದ್ದ ವಾದ ಅಣೆಕಟ್ಟಿನ ಸುರಕ್ಷತೆಯದು. ಸಿಡಿಮದ್ದು ನಿಂತ ಬೆಟ್ಟಗಳಲ್ಲಿ ಬಂಡೆಸಂದಿಗಳೂ ಉಳಿದವು. ತೋಳಕ್ಕೆ ಈ ಭಾಗದಲ್ಲಿ ಸಿಕ್ಕಿರಬಹುದಾದ ದೊಡ್ಡ ಉಪಕಾರವೊಂದನ್ನು ಅದರ ಹೆಸರೆತ್ತದೆಯೇ ಮಾಡಲಾಯಿತು.